ಅಕ್ಕನ ಜಯಂತಿಯಲ್ಲಿ ಕುಂಭ ಯಾರು ಹೊರಬೇಕು?

(ಕಲಬುರಗಿಯ ಬ್ರಹ್ಮಪುರದಲ್ಲಿ ಅಕ್ಕಮಹಾದೇವಿ ಜಯಂತಿಯ ದಿನ ಮಾಡಿದ ಭಾಷಣ)



ಇವತ್ತು ದವನದ ಹುಣ್ಣಿಮೆ. ಮುಂಜಾನೆ ಷಟ್‌ಸ್ಥಲ ಧ್ವಜಾರೋಹಣ ಆಯಿತು, ಅಕ್ಕನ ಭಾವಚಿತ್ರದ ಮೆರವಣಿಗೆ ಆಯಿತು, ತೊಟ್ಟಿಲೂ ಆಯಿತು. ಗೋಧಿ ಹುಗ್ಗಿ ಒಲೆಯ ಮೇಲಿದೆ, ಬಿಸಿಲೂ ಜೋರಾಗಿದೆ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ಮಾತು ಹೇಳದೆ ಕೆಳಗಿಳಿಯುವುದಿಲ್ಲ.

ಹತ್ತು ವರ್ಷ ಈ ಮೆರವಣಿಗೆಯಲ್ಲಿ ನಾನು ಕುಂಭ ಹೊತ್ತವಳು. ಹನ್ನೊಂದನೆಯ ವರ್ಷ ನಮ್ಮ ಯಜಮಾನರು ಲಿಂಗೈಕ್ಯರಾದರು. ಆ ಸಲದ ಕರಪತ್ರದಲ್ಲಿ ‘ಮುತ್ತೈದೆಯರಿಂದ ಕುಂಭ ಮೆರವಣಿಗೆ’ ಎಂದು ಎಂದಿನಂತೆ ಅಚ್ಚಾಗಿತ್ತು. ಹಿಂದೆ ಹತ್ತು ಸಲ ಓದಿದ್ದೆ, ಆ ಮಾತು ಕಣ್ಣಿಗೆ ಬಿದ್ದಿರಲಿಲ್ಲ. ಆ ಸಲ ಬಿತ್ತು. ಯಾರೂ ನನಗೆ ಬರಬೇಡ ಎನ್ನಲಿಲ್ಲ. ಕೊಡ ಬೇರೆಯವರ ಕೈಗೆ ಹೋಯಿತು, ನನ್ನನ್ನು ಅಡುಗೆಯ ಕಡೆ ಕರೆದರು, ಅಷ್ಟೆ. ರೊಟ್ಟಿ ಬಡಿಯುತ್ತ ಕುಳಿತೆ. ದಾಸೋಹದ ಕೆಲಸ ಕಡಿಮೆಯದೇನಲ್ಲ, ಶರಣಬಸವೇಶ್ವರರ ಊರಿನಲ್ಲಿ ಅದನ್ನು ನಾನು ಹೇಳಬೇಕಾಗಿಲ್ಲ. ಆದರೆ ಆ ದಿನ ಅದು ನಾನಾಗಿ ಆರಿಸಿಕೊಂಡ ಕಾಯಕವಾಗಿರಲಿಲ್ಲ.

ಈಗ ಕೇಳುತ್ತೇನೆ, ಇದು ಯಾರ ಜಯಂತಿ? ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಅಕ್ಕ ಕೌಶಿಕನನ್ನು ಮದುವೆಯಾಗುತ್ತಾಳೆ. ಷರತ್ತು ಹಾಕಿಯೇ ಆಗುತ್ತಾಳೆ. ಅವನು ಮಾತು ತಪ್ಪಿದಾಗ ಅರಮನೆ ಬಿಟ್ಟು ನಡೆಯುತ್ತಾಳೆ. ಮದುವೆಯೇ ಆಗಲಿಲ್ಲ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ನಮ್ಮ ಕರಪತ್ರದ ಲೆಕ್ಕದಲ್ಲಿ ಅಕ್ಕನೇ ಕುಂಭ ಹೊರುವಂತಿಲ್ಲ! ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅವಳನ್ನು ಪ್ರಭುದೇವರು ಗಂಡನ ಗುರುತು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅವಳು ಚೆನ್ನಮಲ್ಲಿಕಾರ್ಜುನನನ್ನು ತೋರಿಸಿದಳು. ಅಲ್ಲಿದ್ದ ಹಿರಿಯರು ಅವಳಿಗೆ ಮುತ್ತೈದೆಯೋ ಅಲ್ಲವೋ ಎಂದು ಹೆಸರಿಡಲಿಲ್ಲ, ಅಕ್ಕ ಎಂದರು.

ಶರಣಸತಿ ಲಿಂಗಪತಿ ಎಂದು ಪ್ರವಚನದಲ್ಲಿ ಕೇಳಿ ನಾವೆಲ್ಲ ತಲೆದೂಗುತ್ತೇವೆ. ಗಂಡಸರಿಗೂ ಅದೇ ಭಾವ, ಹೆಂಗಸರಿಗೂ ಅದೇ. ಎದೆಯ ಮೇಲಿನ ಇಷ್ಟಲಿಂಗ ಎಲ್ಲಿಯೂ ಹೋಗಿಲ್ಲ ಅಂದಮೇಲೆ ಲಿಂಗವಂತೆ ವಿಧವೆಯಾಗುವುದು ಹೇಗೆ? ಹೆಂಡತಿಯನ್ನು ಕಳೆದುಕೊಂಡ ಗಂಡಸರು ಪಲ್ಲಕ್ಕಿಗೆ ಹೆಗಲು ಕೊಡುತ್ತಾರೆ. ಅವರನ್ನು ಯಾರೂ ತಡೆದದ್ದು ನಾನು ಕಂಡಿಲ್ಲ.

ಇನ್ನೊಂದು ಮಾತು. ತೊಟ್ಟಿಲು ತೂಗಿ ಜೋಗುಳ ಹಾಡುತ್ತೇವೆ, ಸಂತೋಷ. ಆದರೆ ಅಕ್ಕ ತೊಟ್ಟಿಲಲ್ಲೇ ಉಳಿದ ಕೂಸಲ್ಲ, ಬರೆದವಳು. 400ಕ್ಕೂ ಹೆಚ್ಚು ವಚನಗಳಿವೆ, ಜೊತೆಗೆ ‘ಯೋಗಾಂಗತ್ರಿವಿಧಿ’ ಇದೆ. ಅದು ತ್ರಿಪದಿಯಲ್ಲಿದೆ. ತ್ರಿಪದಿ ಅಂದರೆ ಏನೋ ಪಂಡಿತರದು ಎಂದು ಹೆದರಬೇಡಿ, ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಮೂರು ಸಾಲಿನ ಪದದ ಧಾಟಿಯೇ ಅದು. ಅಕ್ಕನ ಫೋಟೋ ಎಲ್ಲರ ಮನೆಯಲ್ಲಿದೆ, ಪುಸ್ತಕ ಎಷ್ಟು ಮನೆಯಲ್ಲಿದೆ? ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದದ್ದು ನಾವು ಓದಲಿ ಎಂದು. ಇದೇ ಊರಿನಲ್ಲಿ, ನಿಜಾಮರ ಕಾಲದಲ್ಲಿ, ಉರ್ದುವೇ ನಡೆಯುತ್ತಿದ್ದಾಗ, ಪೂಜ್ಯ ದೊಡ್ಡಪ್ಪ ಅಪ್ಪನವರು 1934ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದು ಮಹಾದೇವಿಯ ಹೆಸರಿಟ್ಟರು. ಅದೂ ಓದಲಿ ಎಂದೇ.

ಬರುವ ವರ್ಷದ ಕರಪತ್ರದಲ್ಲಿ ‘ಮುತ್ತೈದೆಯರಿಂದ’ ಎಂಬುದನ್ನು ತೆಗೆದು ‘ಶರಣೆಯರಿಂದ’ ಎಂದು ಹಾಕಿಸಬೇಕು. ಕುಂಭ ಬೇಡ ಎನ್ನುತ್ತಿಲ್ಲ. ಕೆಲವು ಕಡೆ ವಚನಗ್ರಂಥವನ್ನೇ ತಲೆಯ ಮೇಲೆ ಹೊರುತ್ತಾರೆ, ನನಗೆ ಅದೇ ಹೆಚ್ಚು ಇಷ್ಟ. ಏನನ್ನೇ ಹೊರಲಿ, ಹೊರುವ ತಲೆಯನ್ನು ಆರಿಸಬೇಡಿ. ಬಳಗದ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯ ತಾಯಿ, ‘ಮಂದಿ ಏನಂತಾರವ್ವಾ?’ ಎಂದರು. ಅವರೂ ನನ್ನಂಥವರೇ, ನನಗಿಂತ ಬಹಳ ವರ್ಷ ಮೊದಲು ಅಡುಗೆಯ ಕಡೆ ಹೋದವರು. ಅವರ ಅಂಜಿಕೆ ಸುಳ್ಳಲ್ಲ. ಅದನ್ನು ಕಲಿಸಿದವರು ನಾವೇ, ಹತ್ತು ವರ್ಷ ಹಿಂದೆ ನೋಡದೆ ಕುಂಭ ಹೊತ್ತು ನಡೆದ ನಾನೂ ಸೇರಿ.

ಊಟಕ್ಕೆ ಏಳುವ ಮೊದಲು ಐದು ಜನ ಅಕ್ಕನ ಒಂದೊಂದು ವಚನ ಓದುವುದಿದೆ. ಆ ತಾಯಿ ಅಲ್ಲಿ ಹಿಂದೆ, ಕಂಬದ ಹತ್ತಿರ ಕುಳಿತಿದ್ದಾರೆ. ಮೊದಲ ವಚನ ಅವರದು. ಅವ್ವಾ, ಚಾಳೀಸು ತಂದೀರಿಲ್ಲ? ಮುಂದ ಬರ್ರಿ.