ಕಾರ್ಯದರ್ಶಿಯ ವಿವೇಚನೆ, ಸದಸ್ಯರ ಎಚ್ಚರ

(ಸಂಘದ ಬೆಳ್ಳಿ ಹಬ್ಬದ ನಿಮಿತ್ತ ಕೇಶ್ವಾಪುರದಲ್ಲಿ ನೀಡಿದ ಉಪನ್ಯಾಸ)



ಬೆಳ್ಳಿ ಹಬ್ಬ ಅಂದಮೇಲೆ ಹೊಗಳಿಕೆ ಇದ್ದೇ ಇರತೈತಿ. ನಾನು ಇಂದು ಬೇರೆ ಮಾತು ಆಡಬೇಕೆಂದು ಬಂದಿದ್ದೇನೆ. ಆಡಳಿತಶಾಸ್ತ್ರದಲ್ಲಿ ‘ವಿವೇಚನಾಧಿಕಾರ’ ಎಂಬ ಶಬ್ದವಿದೆ. ನಿಯಮ ಏನೂ ಹೇಳದ ಕಡೆ ವ್ಯವಸ್ಥಾಪಕರು ತಮ್ಮ ಬುದ್ಧಿಯಿಂದ ತೀರ್ಮಾನಿಸುವ ಅಧಿಕಾರವೇ ಅದು.

ಇದು ಬೇಕೇನು? ಖಂಡಿತ ಬೇಕು. ಮಿರಗದ ಮಳೆ ಬಿದ್ದಿದೆ, ಹೆಸರು ಬಿತ್ತಬೇಕು. ಸಾಲದ ಅರ್ಜಿಗೆ ಒಂದು ಉತಾರ ಕಡಿಮೆ ಇದೆ. ಮಂಡಳಿಯ ಸಭೆ ಇನ್ನೂ ಹದಿನೈದು ದಿನಕ್ಕೆ. ಅಷ್ಟರಲ್ಲಿ ಹದ ಹೋಗಿರುತ್ತದೆ. ಕಾರ್ಯದರ್ಶಿ “ಆಗೂದಿಲ್ರಿ” ಅಂದರೆ ರೈತ ಬಡ್ಡಿ ವ್ಯವಹಾರದವನ ಬಾಗಿಲಿಗೆ ಹೋಗುತ್ತಾನೆ. ಆ ಬಾಗಿಲು ತಪ್ಪಿಸಲೆಂದೇ ಸಂಘಗಳು ಹುಟ್ಟಿದ್ದು.

ಆದರೆ ರೈತನಿಗೆ ಕೊಟ್ಟ ಅದೇ ಕೈ ಬೀಗರಿಗೂ ಕೊಡಬಹುದು. ಮಾಲೀಕರ ಕಣ್ಣು ದೂರವಾದರೆ ವ್ಯವಸ್ಥಾಪಕರು ಸಂಸ್ಥೆಯ ಲಾಭಕ್ಕಿಂತ ತಮ್ಮ ಸಿಬ್ಬಂದಿ, ಸವಲತ್ತು ಬೆಳೆಸಲು ಹೊರಡುತ್ತಾರೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ 1963ರಲ್ಲೇ ವಿವರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಹಿರಿಯರಿಗೆ ಇದು ಪುಸ್ತಕವಿಲ್ಲದೆ ಗೊತ್ತಿತ್ತು. 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದನ್ನು ಗುರುತಿಸಲಾಗಿದೆ. 1904ರ ಕಾಯ್ದೆಯಂತೆ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಪ್ರತಿ ಸದಸ್ಯನ ಹೊಲ-ಮನೆಗೂ ಕುತ್ತು. ಹಾಗಾಗಿ ಯಾರಿಗೆ ಎಷ್ಟು ಸಾಲ ಹೋಯ್ತು ಅಂತ ಊರೇ ಕಣ್ಣಿಟ್ಟಿರುತ್ತಿತ್ತು. ಇಂದು ನಮ್ಮ ಹೊಣೆ ಶೇರಿನಷ್ಟೇ. ಕಣ್ಣೂ ಅಷ್ಟೇ ಸಣ್ಣದಾಗೇತಿ.

ಕಣ್ಣು ಮುಚ್ಚಿದರೆ ಏನಾಗುತ್ತದೆ? 2019ರಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕ್ ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಒಟ್ಟು ಸಾಲದ ಮುಕ್ಕಾಲಿನ ಸಮೀಪ ಪಾಲು ಕೊಟ್ಟು ಮುಚ್ಚಿಟ್ಟದ್ದು ಬಯಲಾಯಿತು. ಠೇವುದಾರರು ಮೊದಲು ಒಂದು ಸಾವಿರ ರೂಪಾಯಿ ಮಾತ್ರ ತೆಗೆಯಬಹುದಾಗಿತ್ತು. ಬ್ಯಾಂಕಿನ ಠೇವಿಗೆ 2020ರ ಫೆಬ್ರವರಿಯಿಂದ ಐದು ಲಕ್ಷದವರೆಗೆ ವಿಮೆ ಇದೆ. ನಮ್ಮಂಥ ಪತ್ತಿನ ಸಂಘದ ಠೇವಿಗೆ ಆ ವಿಮೆ ಇಲ್ಲ. ಮಗಳ ಮದುವೆಗೆ ಇಟ್ಟ ದುಡ್ಡಿಗೆ ನಮ್ಮ ಎಚ್ಚರವೇ ವಿಮೆ.

ಕಂಪನಿಯಲ್ಲಿ ದೊಡ್ಡ ಶೇರುದಾರ ತನ್ನ ದುಡ್ಡಿಗಾಗಿ ಕಾವಲಿರುತ್ತಾನೆ. ಇಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಸಮಾನತೆ ಒಳ್ಳೆಯದು, ಆದರೆ “ಮತ್ಯಾರೋ ನೋಡ್ಕೋತಾರ ಬಿಡು” ಎಂಬ ಔದಾಸೀನ್ಯಕ್ಕೂ ಅಲ್ಲೇ ದಾರಿ.

ವಿವೇಚನಾಧಿಕಾರ ಎಂಬ ಕಲ್ಪನೆಯ ಉಪಯೋಗ ಇಲ್ಲಿದೆ. “ಕಾರ್ಯದರ್ಶಿ ಒಳ್ಳೆಯವರೋ, ಕೆಟ್ಟವರೋ” ಎಂಬ ಕಟ್ಟೆಯ ಮಾತು ಬಿಟ್ಟು ಮೂರು ಪ್ರಶ್ನೆ ಕೇಳಲು ಅದು ಕಲಿಸುತ್ತದೆ. ಅವರು ಸ್ವಂತ ನಿರ್ಧಾರದಿಂದ ಎಷ್ಟು ರೂಪಾಯಿವರೆಗೆ ಕೊಡಬಹುದು? ಕೊಟ್ಟ ಕಾರಣ ಅಂದೇ ಬರೆದಿಟ್ಟಿದ್ದಾರೆಯೇ? ಮುಂದಿನ ಮಂಡಳಿ ಸಭೆ ಅದನ್ನು ನೋಡಿ ಠರಾವು ಮಾಡಿದೆಯೇ? ಮಂಡಳಿಯವರ ಸಂಬಂಧಿಕರ ಸಾಲಕ್ಕಂತೂ ಈ ಅಧಿಕಾರ ತಾಕಲೇಬಾರದು.

ಪ್ರಾಮಾಣಿಕ ಕಾರ್ಯದರ್ಶಿಗೆ ಇದು ಅವಮಾನವಲ್ಲ, ರಕ್ಷಣೆ. ಕಾರಣ ಬರೆದಿಟ್ಟು ಕೊಟ್ಟ ಸಾಲ ಮಳೆ ಕೈಕೊಟ್ಟು ಬಾಕಿ ಉಳಿದರೆ, ಲೆಕ್ಕ ಪರಿಶೋಧಕರ ಮುಂದೆ ಅವರ ಪರವಾಗಿ ಆ ಪುಟವೇ ಮಾತಾಡುತ್ತದೆ.

ಆದ್ದರಿಂದ ಮಹಾಸಭೆಗೆ ಬರ್ರಿ. ಚಹಾ-ಚೂಡಾ ಮುಗಿಸಿ ಏಳಬ್ಯಾಡ್ರಿ. ಆಡಿಟ್ ವರದಿ ಓದಿಸ್ರಿ, ಬಾಕಿದಾರರ ಲೆಕ್ಕ ಕೇಳ್ರಿ. ಹಾಗಾದರೆ ಸುವರ್ಣ ಮಹೋತ್ಸವಕ್ಕೂ ಸಂಘ ಗಟ್ಟಿಯಾಗಿ ನಿಲ್ಲುತ್ತದೆ.

ಜೈ ಸಹಕಾರ.