ಗೇಟಿನಲ್ಲಿ 1 ನಿಮಿಷ, ಸಾಲಿನಲ್ಲಿ 49 ನಿಮಿಷ

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಿಂದ ಮಾತಾಡ್ತಿದ್ದೀನಿ. ನಮ್ಮೂರಿಗೂ ಬಂದರಿಗೂ ಏನು ಸಂಬಂಧ ಅಂತೀರಾ? ನಮ್ಮ ಪಕ್ಕದ ಬಾಬಾಬುಡನ್‌ಗಿರಿ ಸಾಲಿನ ಕಾಫಿ ಕ್ಯೂರಿಂಗ್ ಆಗಿ, ಘಾಟಿ ಇಳಿದು, ಪಣಂಬೂರಿನ ನವ ಮಂಗಳೂರು ಬಂದರು ಸೇರುತ್ತೆ. 1974ರಲ್ಲಿ ಮೇಜರ್ ಪೋರ್ಟ್ ಆದ ಈ ಬಂದರಿನ ಮುಖ್ಯ ಕಂಟೇನರ್ ಸರಕುಗಳಲ್ಲಿ ಕಾಫಿಯೂ ಒಂದು. ಹಡಗಿಗೆ ಸರಕು ಒಪ್ಪಿಸೋಕೆ ಗಡುವು ಇರುತ್ತೆ. ಲಾರಿ ಗೇಟಿನ ಸಾಲಲ್ಲಿ ಸಿಕ್ಕಿಕೊಂಡ್ರೆ ಆ ಗಡುವು ತಪ್ಪಬಹುದು, ಡ್ರೈವರಣ್ಣನ ದುಡಿಮೆಯೂ ಹೋಗುತ್ತೆ.

ಈಗ ಒಂದು ಲೆಕ್ಕ. ಇದು ಯಾವ ಬಂದರಿನ ಅಂಕಿಯೂ ಅಲ್ಲ, ಬರೀ ಉದಾಹರಣೆ. ಸರಾಸರಿ 10 ನಿಮಿಷಕ್ಕೊಂದು ಲಾರಿ ಬರುತ್ತೆ. ಗೇಟಿನ ತಪಾಸಣೆಗೆ ಸರಾಸರಿ 9 ನಿಮಿಷ ಬೇಕು. ಹಾಗಾದ್ರೆ ಸಾಲೇ ಇರಬಾರದು ಅನ್ಸುತ್ತಲ್ವಾ? ಆದರೆ ಲಾರಿಗಳು ಗಡಿಯಾರ ನೋಡ್ಕೊಂಡು ಬರಲ್ಲ. ಒಮ್ಮೆ ಮೂರು ಒಟ್ಟಿಗೆ ಬರುತ್ವೆ, ಆಮೇಲೆ ಅರ್ಧ ಗಂಟೆ ಒಂದೂ ಇಲ್ಲ. ಖಾಲಿ ಕಳೆದ ಆ ಅರ್ಧ ಗಂಟೆಯನ್ನು ಗೇಟು ಕೂಡಿಟ್ಟು ಆಮೇಲೆ ಬಳಸೋಕೆ ಆಗಲ್ಲ.

ಇದನ್ನು ಪೈಥಾನ್‌ನ ಸಿಮ್‌ಪೈ ಅನ್ನೋ ಉಚಿತ ಲೈಬ್ರರಿಯಲ್ಲಿ ಬರೆಯಬಹುದು. ಪ್ರತಿ ಲಾರಿಯೂ ಒಂದು ಪ್ರೋಸೆಸ್: ಬಾ, ಗೇಟು ಖಾಲಿ ಇದ್ಯಾ ಕೇಳು, ಇಲ್ಲದಿದ್ರೆ ನಿಲ್ಲು, ಕಾಗದ ತೋರಿಸು, ಹೊರಡು. ಗೇಟು ಒಂದು ರಿಸೋರ್ಸ್. ಇಲ್ಲಿನ ಗಡಿಯಾರ ಸೆಕೆಂಡು ಸೆಕೆಂಡಾಗಿ ಓಡಲ್ಲ, ಒಂದು ಘಟನೆಯಿಂದ ಮುಂದಿನ ಘಟನೆಗೆ ಜಿಗಿಯುತ್ತೆ. ಹಾಗಾಗಿ ತಿಂಗಳ ಕೆಲಸವನ್ನು ಲ್ಯಾಪ್‌ಟಾಪಲ್ಲಿ ಕ್ಷಣದಲ್ಲಿ ನೋಡಬಹುದು.

ಬರುವ ಅಂತರಕ್ಕೂ ತಪಾಸಣೆ ಸಮಯಕ್ಕೂ ಎಕ್ಸ್‌ಪೊನೆನ್ಷಿಯಲ್ ಏರುಪೇರು ಕೊಟ್ಟು ದೀರ್ಘಕಾಲ ಓಡಿಸಿದ್ರೆ, ಸಾಲಿನಲ್ಲಿ ಕಾಯೋದು ಸರಾಸರಿ 81 ನಿಮಿಷ! ತಪಾಸಣೆಯನ್ನು 8 ನಿಮಿಷಕ್ಕೆ ಇಳಿಸಿ: 32 ನಿಮಿಷ. 9 ನಿಮಿಷವೇ ಇರಲಿ, ಅದೇ ಸಾಲಿಗೆ ಎರಡನೇ ಗೇಟು ತೆರೀರಿ: ಸುಮಾರು 2 ನಿಮಿಷ. ಕಾಂಕ್ರೀಟ್ ಹಾಕೋ ಮೊದಲೇ ಇದು ಗೊತ್ತಾಗುತ್ತೆ.

ಇದೇನೂ ಹೊಸ ವಿದ್ಯೆ ಅಲ್ಲ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಇಂಥ ಕೆಲಸಕ್ಕಂತಲೇ ಸಿಮ್ಯುಲಾ ಭಾಷೆ ಕಟ್ಟಿದ್ರು. ನೀವು ಕಾಲೇಜಲ್ಲಿ ಓದೋ ಕ್ಲಾಸ್, ಆಬ್ಜೆಕ್ಟ್ ಬಂದಿದ್ದು ಅಲ್ಲಿಂದಲೇ.

ಆದರೆ ಮಾದರಿಗೆ ಸುಳ್ಳು ಅಂಕಿ ಕೊಟ್ರೆ ಸುಳ್ಳು ಉತ್ತರವೇ ಬರುತ್ತೆ. ಕಲಿಯೋ ಆಸೆ ಇದ್ರೆ ಬಂದರಿಗೇ ಹೋಗಬೇಕಿಲ್ಲ. ನಿಮ್ಮೂರ ನ್ಯಾಯಬೆಲೆ ಅಂಗಡಿ ಮುಂದೆ ಮೊಬೈಲ್ ಹಿಡಿದು ನಿಂತು, ಯಾರು ಎಷ್ಟೊತ್ತಿಗೆ ಬಂದ್ರು, ಎಷ್ಟೊತ್ತಿಗೆ ಹೋದ್ರು ಬರ್ಕೊಳ್ಳಿ. ಕೋಡ್ ಆಮೇಲೆ.