ಪಗಾರ ಪತ್ರಕದಾಗ ಕನ್ನಡ ಎಲ್ಲೈತಿ?

(ನವಲಗುಂದದಲ್ಲಿ ನಡೆದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕುಳಿತವನು. ಮೊಳೆ ಜೋಡಿಸಿ ಬೆರಳು ಕಪ್ಪು ಮಾಡಿಕೊಂಡವನು. ಅಪ್ಪನ ಕಾಲದಲ್ಲಿ ನಮ್ಮ ಟ್ರೆಡಲ್ ಮಷೀನು ಓಡುತ್ತಿದ್ದುದೇ ಪಂಚಾಯತಿಗಳ ಕೆಲಸದ ಮೇಲೆ. ನಗದು ಪುಸ್ತಕ, ಹಾಜರಿ ಪುಸ್ತಕ, ಮನೆ ಕರದ ರಸೀದಿ ಬುಕ್ಕು, ವೋಚರು, ಪಗಾರ ಪತ್ರಕ! ವರ್ಷಕ್ಕೆ ಇಷ್ಟು ರೀಮು ಕಾಗದ ಎಂದು ಲೆಕ್ಕವೇ ಇತ್ತು. ಕಂಪ್ಯೂಟರ್ ಬಂತು, ಆ ಕೆಲಸದಲ್ಲಿ ಮುಕ್ಕಾಲು ಪಾಲು ಹೋಯಿತು.

ಹಾಗಾದರೆ ಈ ಮನುಷ್ಯ ತನ್ನ ಧಂಧೆ ಹೋಯಿತೆಂದು ಅಳಲು ಬಂದಿದ್ದಾನೆ ಎಂದು ನೀವು ಅಂದುಕೊಳ್ಳಬಹುದು. ಇಲ್ಲ ಬಂಧುಗಳೇ! ಕಂಪ್ಯೂಟರ್ ಬರಬೇಕಾಗಿತ್ತು, ಬಂದಿದೆ. ನಾನೇ ಅಚ್ಚು ಹಾಕಿದ ಪಗಾರ ಪತ್ರಕದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಬರೆದ ಮೊತ್ತ ಒಂದು, ಕೈಗೆ ಕೊಟ್ಟ ಮೊತ್ತ ಇನ್ನೊಂದು ಮಾಡಿದವರನ್ನು ಕಂಡಿದ್ದೇನೆ. ಇಂದು ಪಗಾರ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅದು ಒಳ್ಳೆಯದೇ. ನನ್ನ ಪ್ರಶ್ನೆ ಒಂದೇ: ಆ ಲೆಕ್ಕ ಯಾರ ಭಾಷೆಯಲ್ಲಿದೆ?

ಯಲ್ಲಪ್ಪನ ಮೂರು ತಿಂಗಳು

ಒಬ್ಬ ನೀರಗಂಟಿಯ ಕತೆ ಹೇಳುತ್ತೇನೆ. ಊರು ಬೇಡ, ನಿಜವಾದ ಹೆಸರೂ ಬೇಡ. ಯಲ್ಲಪ್ಪ ಎಂದು ಇಟ್ಟುಕೊಳ್ಳಿ. ಒಂದು ದಿನ ಪ್ರೆಸ್ಸಿನ ಕಟ್ಟೆಯ ಮೇಲೆ ಬಂದು ಕುಳಿತ.

"ಅಣ್ಣಾರ, ಮೂರ ತಿಂಗಳಾತು, ಪಗಾರ ಬಂದಿಲ್ರಿ. ಕೇಳಿದ್ರ ನಿನ್ನ ಹೆಸರು ಮ್ಯಾಚ್ ಆಗವಲ್ದು ಅಂತಾರ್ರಿ. ನನ್ನ ಹೆಸರು ನನಗ ಮ್ಯಾಚ್ ಆಗಂಗಿಲ್ಲೇನ್ರಿ?"

ಅವನ ಕಾಗದ ಎಲ್ಲ ತರಿಸಿ ನೋಡಿದೆ. ರೇಷನ್ ಕಾರ್ಡಿನಲ್ಲಿ ಯಲ್ಲಪ್ಪ. ಮತದಾರರ ಪಟ್ಟಿಯಲ್ಲಿ ಯಲ್ಲಪ್ಪ. ಆಧಾರ್ ಕಾರ್ಡಿನ ಕನ್ನಡ ಸಾಲಿನಲ್ಲೂ ಯಲ್ಲಪ್ಪ. ಕನ್ನಡದಲ್ಲಿ ಅವನು ಎಲ್ಲ ಕಡೆಯೂ ಒಬ್ಬನೇ ಮನುಷ್ಯ! ಆದರೆ ಇಂಗ್ಲಿಷ್ ಸಾಲಿನಲ್ಲಿ ವೈ ಆದ ಮೇಲೆ ಒಂದು ಕಡೆ ಎ, ಇನ್ನೊಂದು ಕಡೆ ಇ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎಲ್ ಎರಡಿದ್ದದ್ದು ಒಂದೇ ಆಗಿದೆ. ಸಾಫ್ಟ್‌ವೇರು ನೋಡುವುದು ಇಂಗ್ಲಿಷ್ ಸಾಲನ್ನು. ಅದರ ಲೆಕ್ಕದಲ್ಲಿ ಇವರು ಮೂವರು ಬೇರೆ ಬೇರೆ ಮನುಷ್ಯರು. ಮೂವರಿಗೂ ಪಗಾರವಿಲ್ಲ!

ಅಫಿಡವಿಟ್ ಮಾಡಿಸಿ, ಆಧಾರ್ ತಿದ್ದಿಸಿ, ಬ್ಯಾಂಕಿಗೆ ಅಲೆದು, ನಾಲ್ಕನೆಯ ತಿಂಗಳು ಹಣ ಬಂತು. ಅಷ್ಟರಲ್ಲಿ ಅಂಗಡಿಯ ಉದ್ರಿ ಬೆಳೆದಿತ್ತು, ಹೆಂಡತಿಯ ಕಿವಿಯ ಬೆಂಡೋಲೆ ಗಿರವಿಗೆ ಹೋಗಿತ್ತು. ಊರಿಗೆಲ್ಲ ನೀರು ಬಿಟ್ಟವನ ಮನೆಯ ಒಲೆ ಆರಿದ್ದು ಒಂದು ಇಂಗ್ಲಿಷ್ ಅಕ್ಷರಕ್ಕಾಗಿ.

ನನಗೂ ಇದೇ ಆಗಿದೆ. ಒಂದು ಕಚೇರಿಗೆ ಫಾರ್ಮು ಅಚ್ಚು ಹಾಕಿ ಕೊಟ್ಟೆ. ಬಿಲ್ಲಿನ ಮೇಲೆ ಕನ್ನಡದಲ್ಲಿ ಮುದ್ರಣಾಲಯ ಎಂದಿದೆ. ಅವರು ಇಂಗ್ಲಿಷಿನಲ್ಲಿ ಕೊನೆಗೆ ಒಂದು ಎ ಸೇರಿಸಿದರು, ಬ್ಯಾಂಕಿನಲ್ಲಿ ಆ ಎ ಇರಲಿಲ್ಲ. ಹಣ ವಾಪಸ್! ನಾನು ಅಕ್ಷರ ಬಲ್ಲವನು, ಜಗಳ ಮಾಡಿ ತಂದೆ. ಯಲ್ಲಪ್ಪ ಯಾರ ಹತ್ತಿರ ಜಗಳ ಮಾಡಬೇಕು? 2024ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಗೂ ಆಧಾರ್ ಮೂಲಕದ ಪಾವತಿಯೇ ಕಡ್ಡಾಯವಾಯಿತು. ಹೊಲದ ಬದು ಹಾಕಿದ ತಾಯಂದಿರಿಗೂ ಹೆಸರಿನ ಈ ತೊಡಕು ಬಂದು ನಿಂತಿತು.

ಕೀಲಿ ಅಧ್ಯಕ್ಷರದು, ಓದು ಇನ್ನೊಬ್ಬರದು

ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಪಂಚಾಯತಿಯ ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರು, ಪಿ.ಡಿ.ಓ. ಇಬ್ಬರೂ ಸಹಿ ಹಾಕಬೇಕು. ಮೊದಲು ಚೆಕ್ಕಿನ ಮೇಲೆ ಪೆನ್ನಿನ ಸಹಿ, ಈಗ ಕಂಪ್ಯೂಟರಿಗೆ ಚುಚ್ಚುವ ಡಿಜಿಟಲ್ ಕೀಲಿ. ಕನ್ನಡವನ್ನು ಸ್ವಚ್ಛವಾಗಿ ಓದುವ ತಾಯಿ ಪರದೆಯ ಮೇಲಿನ ಇಂಗ್ಲಿಷ್ ನೋಡಿ ಸುಮ್ಮನಾಗುತ್ತಾಳೆ. "ಇಲ್ಲೆ ಒತ್ರಿ ಅಕ್ಕಾರ" ಅಂದರೆ ಒತ್ತುತ್ತಾಳೆ. ಇದಕ್ಕೂ ಹಿಂದಿನ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ? ಅಕ್ಷರ ಕಲಿತವಳನ್ನು ಮತ್ತೆ ಹೆಬ್ಬೆಟ್ಟಿನವಳನ್ನಾಗಿ ಮಾಡಿದ್ದು ಯಾರು?

ಪಟ್ಟಣದ ಕಡೆ ಬನ್ನಿ. ನವಲಗುಂದ, ಅಣ್ಣಿಗೇರಿಯಲ್ಲಿ ಪುರಸಭೆ; ಕುಂದಗೋಳ, ಕಲಘಟಗಿಯಲ್ಲಿ ಪಟ್ಟಣ ಪಂಚಾಯತಿ. 2006ರ ಕರ್ನಾಟಕ ಪೌರ ಲೆಕ್ಕಪತ್ರ ನಿಯಮಗಳು ಬಂದ ಮೇಲೆ ಇಂಥ ಸಂಸ್ಥೆಗಳಲ್ಲಿ ಜೋಡಿ ನಮೂದಿನ ಲೆಕ್ಕ ಕಂಪ್ಯೂಟರಿಗೆ ಬಂತು. ಈಗ ಕಸ ಗುಡಿಸುವ ಹೊರಗುತ್ತಿಗೆಯ ಒಬ್ಬ ತಾಯಿಯನ್ನು ನೆನೆಯಿರಿ. ಪಗಾರ 12,000 ಎಂದು ಹಿಡಿಯಿರಿ. ನೂರಕ್ಕೆ 12ರಂತೆ ಪಿ.ಎಫ್. 1,440 ರೂಪಾಯಿ. ನೂರಕ್ಕೆ 0.75ರಂತೆ ಇ.ಎಸ್.ಐ. 90 ರೂಪಾಯಿ. ಕೈಗೆ 10,470. ಮೂರೇ ಸಾಲಿನ ಲೆಕ್ಕ! ಕನ್ನಡದ ಚೀಟಿ ಇದ್ದರೆ ಅವಳ ಮಗಳು ಓದಿ ಹೇಳುತ್ತಾಳೆ: "ಅವ್ವಾ, ಈ ತಿಂಗಳ ಕಡಿಮಿ ಬಂದೈತಿ." ಚೀಟಿಯೇ ಇಲ್ಲದಿದ್ದರೆ, ಇದ್ದರೂ ಇಂಗ್ಲಿಷಿನಲ್ಲಿದ್ದರೆ, ನುಂಗುವವರಿಗೆ ಹಬ್ಬ.

ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವೇ?

ಕೇಳಿದರೆ ಸಾಹೇಬರು "ಕಂಪ್ಯೂಟರಿಗೆ ಕನ್ನಡ ಬರೋದಿಲ್ಲ" ಅನ್ನುತ್ತಾರೆ. ಸುಳ್ಳು! ಮುದ್ರಣದವನಾಗಿ ನಾನು ಹೇಳುತ್ತೇನೆ ಕೇಳಿ.

ಫೋಟೋ ಟೈಪ್‌ಸೆಟ್ಟಿಂಗ್ ಕ್ಷೇತ್ರದಲ್ಲಿ ದುಡಿದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶ ಮಾಡಿ ಕನ್ನಡಿಗರಿಗೆ ಪುಕ್ಕಟೆ ಹಂಚಿದರು. ಆಮೇಲೆ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆ ಹಳೆಯ ಫಾಂಟುಗಳಲ್ಲಿ ಒಂದು ಕೊರತೆ ಇತ್ತು: ಒಳಗೆ ಇಂಗ್ಲಿಷ್ ಅಕ್ಷರದ ಸಂಖ್ಯೆ, ಮೇಲೆ ಕನ್ನಡದ ಮುಖವಾಡ. ನನ್ನ ಪ್ರೆಸ್ಸಿನಲ್ಲಿ ಕನ್ನಡವಾಗಿ ಕಂಡದ್ದು ಆ ಫಾಂಟು ಇಲ್ಲದ ಕಚೇರಿಯಲ್ಲಿ ತೆರೆದರೆ ಕಸವಾಗುತ್ತಿತ್ತು. ಹೆಸರು ಹುಡುಕಲು, ಹೋಲಿಸಲು ಬರುತ್ತಿರಲಿಲ್ಲ. ಆದರೆ ಯೂನಿಕೋಡ್ ಇದೆಯಲ್ಲ! 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದೆ. ಇಂದು ನಮ್ಮ ಜೇಬಿನ ಫೋನಿನಲ್ಲೇ ಕನ್ನಡ ಓಡಾಡುತ್ತದೆ.

ಭೂಮಿ ಯೋಜನೆಯನ್ನೇ ನೋಡಿ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರಿಗೆ ಹೋದವು. ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಭೂಮಿಯ ಲೆಕ್ಕ ಕನ್ನಡದಲ್ಲಿ ಆಗುತ್ತದೆ, ಬೆವರಿನ ಲೆಕ್ಕ ಆಗುವುದಿಲ್ಲವೇ? ನಮ್ಮ ಪಂಚಾಯತಿಗಳ 'ಪಂಚತಂತ್ರ' ತಂತ್ರಾಂಶ ಕನ್ನಡದಲ್ಲೇ ಕೆಲಸ ಮಾಡುತ್ತದೆ. ಬೆಂಗಳೂರಿನ ಖಾಸಗಿ ಕಂಪನಿಯ ಟ್ಯಾಲಿ 2006ರಲ್ಲೇ ಕನ್ನಡ ಕಲಿತಿತು. ವ್ಯಾಪಾರಿಗೆ ಆದದ್ದು ಸರ್ಕಾರಕ್ಕೆ ಏಕೆ ಆಗದು?

ಕೇಂದ್ರದ ಇ-ಗ್ರಾಮಸ್ವರಾಜ್ 2020ರ ಏಪ್ರಿಲ್ 24ರಂದು ಬಂತು. 2024ರಲ್ಲಿ 'ಭಾಷಿಣಿ' ಜೋಡಿಸಿ 22 ಭಾಷೆಗಳಲ್ಲಿ ಕೊಟ್ಟರು. ಸಂತೋಷ. ಆದರೆ ಯಂತ್ರದ ಅನುವಾದವನ್ನೇ ನಂಬಿ ಕೂರುವಂತಿಲ್ಲ. ಬ್ಯಾಲೆನ್ಸ್ ಎಂದರೆ ಯಂತ್ರ 'ಸಮತೋಲನ' ಎಂದುಬಿಟ್ಟೀತು. ನಮ್ಮ ಅಡತಿ ಅಂಗಡಿಯ ಗುಮಾಸ್ತನಿಗೆ ಅದು ಶಿಲ್ಕು! ಕಿರ್ದಿ, ಖತಾವಣಿ, ಜಮಾ, ಖರ್ಚು, ಉದ್ರಿ, ಶಿಲ್ಕು, ಇವೆಲ್ಲ ನಮ್ಮ ಪೇಟೆಯಲ್ಲಿ ತಲೆತಲಾಂತರದಿಂದ ದುಡಿದ ಮಾತುಗಳು. ಅವನ್ನು ತಂತ್ರಾಂಶಕ್ಕೆ ಹಾಕಲು ಪಂಡಿತರ ಸಮಿತಿ ಬೇಡ, ಅಡತಿ ಅಂಗಡಿಗೆ ಹೋಗಿ ಕೇಳಿದರೆ ಸಾಕು.

ನಾವು ಏನು ಕೇಳಬೇಕು?

ಸುಮ್ಮನೆ ಘೋಷಣೆ ಕೂಗಿದರೆ ಆಗದು. ನಾಲ್ಕು ಮಾತು ಕೇಳೋಣ.

ಒಂದು: ಹೆಸರಿನ ಮೂಲ ನಮೂದು ಕನ್ನಡದಲ್ಲಿರಲಿ. ಇಂಗ್ಲಿಷ್ ಕಾಗುಣಿತ ತಪ್ಪಿದ ಮಾತ್ರಕ್ಕೆ ಪಗಾರ ನಿಲ್ಲಬಾರದು. ಕಚೇರಿಯೇ ತಿದ್ದಿಸಬೇಕು, ಕೂಲಿಯವನನ್ನು ಅಲೆದಾಡಿಸಬಾರದು.

ಎರಡು: ಪ್ರತಿ ತಿಂಗಳು ಕನ್ನಡದ ಪಗಾರ ಚೀಟಿ. ಒಟ್ಟು ಎಷ್ಟು, ಕಡಿತ ಎಷ್ಟು, ಕೈಗೆ ಎಷ್ಟು.

ಮೂರು: ಹಣ ವಾಪಸ್ ಹೋದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಬೇಕು. "ಮ್ಯಾಚ್ ಆಗವಲ್ದು" ಎಂಬ ಬಾಯಿಮಾತು ಬೇಡ.

ನಾಲ್ಕು: ಅಧ್ಯಕ್ಷರು ಕೀಲಿ ಚುಚ್ಚುವ ಮುಂಚೆ ಪಾವತಿಯ ಪಟ್ಟಿ ಕನ್ನಡದಲ್ಲಿ ಅವರ ಕೈಯಲ್ಲಿರಬೇಕು.

ಎಲ್ಲಿ ಕೇಳಬೇಕು? ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯತಿಯಲ್ಲಿ ಜಮಾಬಂದಿ ನಡೆಯುತ್ತದೆ. ಲೆಕ್ಕವನ್ನು ಜನರ ಮುಂದೆ ಇಡುವ ಸಭೆ ಅದು. ಅಲ್ಲಿಗೆ ಹೋಗಿ. "ಈ ಹಾಳಿ ಕನ್ನಡದಾಗ ಓದ್ರಿ" ಅನ್ನಿ. 1963ರ ರಾಜಭಾಷಾ ಕಾಯ್ದೆ ನಿಮ್ಮ ಬೆನ್ನಿಗಿದೆ. ಅದಕ್ಕೆ ಬಲ ಕೊಡಲು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೂ ಇದೆ. ಕಾಯ್ದೆ ಇದೆ, ಕೇಳುವ ಬಾಯಿ ಬೇಕು.

ಬಂಧುಗಳೇ, 1980ರಲ್ಲಿ ಇದೇ ನವಲಗುಂದದ ರೈತರು ಗುಂಡಿಗೆ ಎದೆಕೊಟ್ಟರು. ಅವರು ಕೇಳಿದ್ದೂ ಲೆಕ್ಕವನ್ನೇ: ಹೊಲಕ್ಕೆ ಬಾರದ ನೀರಿಗೆ ಕರ ಏಕೆ? ಲೆಕ್ಕ ಕೇಳುವುದು ಈ ಕರಿ ಮಣ್ಣಿನ ಗುಣ. ಓದಲು ಬಾರದ ಲೆಕ್ಕವನ್ನು ಯಾರೂ ಕೇಳಲಾರರು. ಅದಕ್ಕೇ ಮೊದಲು ಅದು ಕನ್ನಡಕ್ಕೆ ಬರಲಿ.

ನನ್ನ ಪ್ರೆಸ್ಸಿಗೆ ಆ ರಿಜಿಸ್ಟರಿನ ಕೆಲಸ ಮರಳಿ ಬರುವುದಿಲ್ಲ, ಬರುವುದೂ ಬೇಡ. ಆದರೆ ಅಪ್ಪ ಮೊಳೆ ಜೋಡಿಸಿ ಅಚ್ಚು ಹಾಕಿದ ಪಗಾರ ಪತ್ರಕದಲ್ಲಿ ಯಲ್ಲಪ್ಪ ಯಲ್ಲಪ್ಪನೇ ಆಗಿದ್ದ. ಕಂಪ್ಯೂಟರಿನಲ್ಲೂ ಅವನು ಯಲ್ಲಪ್ಪನೇ ಆಗಿರಲಿ. ಇಷ್ಟೇ ನನ್ನ ಮಾತು.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!